ಜಿಡಿಎ ಕೆಲಸದಿಂದ ನರ್ಸಿಂಗ್‌ಗೆ: ನನ್ನ ಅನುಭವ

ಪಿಯುಸಿಯಲ್ಲಿ ನನ್ನದು ಆರ್ಟ್ಸ್. ಬಿಎಸ್‌ಸಿ ನರ್ಸಿಂಗ್‌ಗೆ ಸೈನ್ಸ್ ಓದಿರಲೇಬೇಕು. ಜಿಎನ್‌ಎಂಗೆ, ಅಂದರೆ ನರ್ಸಿಂಗ್ ಡಿಪ್ಲೊಮಾಕ್ಕೆ ಆರ್ಟ್ಸ್‌ನವರೂ ಸೇರಬಹುದು, ಆದರೆ 3 ವರ್ಷ ಫೀಸು ಕಟ್ಟುವ ಸ್ಥಿತಿ ಮನೆಯಲ್ಲಿರಲಿಲ್ಲ. ಹಾಗಾಗಿ ಮೊದಲು ಜಿಡಿಎ, ಅಂದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಮಾಡಿದೆ. ಕೆಲವೇ ತಿಂಗಳ ಕೋರ್ಸ್, ಸರ್ಕಾರದ ಕೌಶಲ ತರಬೇತಿ ಯೋಜನೆಯಲ್ಲಿ ಫೀಸಿಲ್ಲದೆ ಸಿಕ್ಕಿತು. ಆಮೇಲೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ.

ಏನು ಕೆಲಸ ಅಂತ ಮುಚ್ಚಿಡದೆ ಹೇಳುತ್ತೇನೆ. ಬೆಡ್‌ಪ್ಯಾನ್ ಕೊಡುವುದು, ಡೈಪರ್ ಬದಲಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ಹಾಸಿಗೆ ಸರಿ ಮಾಡುವುದು, ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗುವುದು. ಇಂಜೆಕ್ಷನ್, ಮಾತ್ರೆ ನಮ್ಮ ಕೆಲಸ ಅಲ್ಲ. ಸಿಸ್ಟರ್ ಎಷ್ಟೇ ಬಿಜಿ ಇದ್ದರೂ ಅದಕ್ಕೆ ಕೈ ಹಾಕಬಾರದು.

ನಾನು ಜಾಸ್ತಿ ಕಲಿತದ್ದು ರೋಗಿಯನ್ನು ಮಗ್ಗುಲು ಬದಲಿಸುವುದರಲ್ಲಿ. ಸ್ಟ್ರೋಕ್ ಆಗಿ ಮಲಗಿದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ತಿರುಗಿಸಬೇಕು, ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ಮೂಳೆ ಒತ್ತುವ ಕಡೆಯೆಲ್ಲ ರಕ್ತ ಓಡಾಡದೆ ಬೆಡ್‌ಸೋರ್, ಅಂದರೆ ಮಲಗಿದ್ದಲ್ಲೇ ಆಗುವ ಹುಣ್ಣು ಶುರುವಾಗುತ್ತದೆ. ಒಬ್ಬರೇ ಎಳೆಯಬಾರದು, ಚರ್ಮ ಉಜ್ಜಿ ಕಿತ್ತುಬರುತ್ತದೆ. ಕೆಳಗೆ ಹಾಸಿದ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಿ ಸರಿಸಬೇಕು. ತಿರುಗಿಸುವಾಗ ರೋಗಿಯ ಬೆನ್ನಿನ ಚರ್ಮ ಹೇಗಿದೆ ಅಂತ ನೋಡಬೇಕು. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬಣ್ಣ ಬದಲಾಗದೆ ಹಾಗೇ ಉಳಿದರೆ ತಕ್ಷಣ ಸಿಸ್ಟರ್‌ಗೆ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನರ ಮೈಬಣ್ಣ ಕಪ್ಪು, ಕೆಂಪು ಕಾಣುವುದೇ ಇಲ್ಲ, ಆಗ ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಅಲ್ಲಿ ತಿಕ್ಕಬಾರದು.

ಮುಟ್ಟುವ ಮೊದಲು ಹೇಳುವುದು ಇನ್ನೊಂದು. "ಅಜ್ಜೀ, ಈ ಕಡೆ ತಿರುಗಿಸ್ತೀವಿ, ಹೆದರ್ಬೇಡಿ" ಅಂದರೆ ಸಾಕು, ಬಿಗಿ ಹಿಡಿದ ಮೈ ಸಡಿಲವಾಗುತ್ತದೆ. ಮಾತಾಡಲು ಆಗದವರಿಗೂ ಹೇಳಬೇಕು, ಅವರಿಗೆ ಕೇಳಿಸುತ್ತಿರುತ್ತದೆ ಅಲ್ವಾ.

ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗುತ್ತಾರೆ, ಸಿಸ್ಟರ್‌ಗೆ ಹತ್ತಾರು ಬೆಡ್ ಇರುತ್ತದೆ, ರೋಗಿಯ ಮೈ ಹತ್ತಿರ ಹೆಚ್ಚು ಹೊತ್ತು ಇರುವವರು ನಾವೇ. ಯೂರೋಬ್ಯಾಗ್ (ಮೂತ್ರ ಸೇರುವ ಚೀಲ) ಖಾಲಿ ಮಾಡುವಾಗ ಮೂತ್ರ ಕಡಿಮೆಯಾಗಿದ್ದು ಮೊದಲು ನಮಗೇ ಗೊತ್ತಾಗುವುದು. ಇದನ್ನು ಸುಮ್ನೆ ಆಯಾ ಕೆಲಸ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕಷ್ಟವೂ ಇದೆ. ಸಂಬಳ ಕಡಿಮೆ, ನೈಟ್ ಡ್ಯೂಟಿ ತಪ್ಪಿದ್ದಲ್ಲ, ಸೊಂಟ ನೋವು ಬರುತ್ತದೆ. ಆದರೆ ವಾಂತಿ, ಮಲ, ಸಾವು ಎಲ್ಲ ನೋಡಿದ ಮೇಲೂ ಈ ಕೆಲಸ ಬೇಕು ಅನ್ನಿಸಿದ್ದರಿಂದಲೇ, ಕೂಡಿಟ್ಟ ದುಡ್ಡಲ್ಲಿ ಜಿಎನ್‌ಎಂಗೆ ಧೈರ್ಯವಾಗಿ ಸೇರಿದೆ. ಕ್ಲಾಸಲ್ಲಿ ಹೊಸಬರು ಬೆಡ್ ಮೇಕಿಂಗ್ ಕಲಿಯುವಾಗ ನನಗದು ಕೈಗೆ ಬಂದಿತ್ತು. ಮುಂದೆ ಜಿಎನ್‌ಎಂ ಮುಗಿಸಿದವರಿಗಿರುವ 2 ವರ್ಷದ ನರ್ಸಿಂಗ್ ಡಿಗ್ರಿ, ಪೋಸ್ಟ್ ಬೇಸಿಕ್ ಬಿಎಸ್‌ಸಿ ಮಾಡುವ ಆಸೆ ಇದೆ.

ಸೇರುವವರಿಗೆ ಒಂದು ಮಾತು. ಜಿಡಿಎ ಸರ್ಟಿಫಿಕೇಟ್ ಇದ್ದರೆ ನರ್ಸ್ ಆದ ಹಾಗಲ್ಲ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಅದರಿಂದ ರಿಜಿಸ್ಟ್ರೇಷನ್ ಸಿಗುವುದಿಲ್ಲ. "ಆರು ತಿಂಗಳಲ್ಲಿ ನರ್ಸ್ ಆಗಿ" ಅನ್ನುವ ಬೋರ್ಡ್ ಕಂಡರೆ ಒಳಗೆ ಹೋಗಬೇಡಿ. ಬೇರೆ ಕಡೆಯೂ ವಾರ್ಡ್ ಟ್ರೈನಿಂಗ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ ಅಂತ ಕೇಳಿ, ಸರಿಯಾಗಿ ಹೇಳದಿದ್ದರೆ ದುಡ್ಡು ಕಟ್ಟಬೇಡಿ.