ಎರಡು ಪೌರತ್ವದ ಜಗಳ ಓದಲು ಒಂದು ನೋಟ್‌ಬುಕ್ ಸಾಕು

ಹೋದ ಮಾರ್ಚ್‌ನಲ್ಲಿ ಒಬ್ಬರು ಬಂದು ನನ್ನ ಮೇಜಿನ ಮೇಲೆ ನೋಟರಿ ಮೊಹರು ಬಿದ್ದ ನಾಲ್ಕು ಹಾಳೆ ಇಟ್ಟರು. ‘ನಾನು ನ್ಯೂಜೆರ್ಸಿಯ ಪೌರ ಮಾತ್ರ. ಅಮೆರಿಕದ ಪೌರ ಅಲ್ಲ. ಈ ಸಲ ಫೆಡರಲ್ ರಿಟರ್ನ್, ಅಂದರೆ ಕೇಂದ್ರ ಸರ್ಕಾರದ ತೆರಿಗೆ ಲೆಕ್ಕ, ತುಂಬೋದು ಬೇಡ’ ಅಂದರು.

ನಾನು ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ ಹದಿನಾಲ್ಕು ವರ್ಷದಿಂದ ಜನರ ತೆರಿಗೆ ಲೆಕ್ಕ ಮಾಡಿಕೊಡುವವಳು, ವಕೀಲೆ ಅಲ್ಲ. ಆದರೆ ಆ ಹಾಳೆಗಳನ್ನು ಸುಮ್ನೆ ಪಕ್ಕಕ್ಕೆ ತಳ್ಳಲು ಆಗಲಿಲ್ಲ. ಅದರಲ್ಲಿದ್ದ ಕೇಸುಗಳೆಲ್ಲ ನಿಜವಾದವು. ಅವನ್ನು ಓದಿ ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ನಿಮಗೆ ಅಷ್ಟು ಬೇಕಿಲ್ಲ.

ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ‘ರಾಜ್ಯ’, ಬಲಗಡೆ ‘ದೇಶ’. ಯಾವ ತೀರ್ಪು ಓದಿದರೂ ಅದರಲ್ಲಿ ಬರುವ ಹಕ್ಕು ಯಾವ ಪೌರತ್ವಕ್ಕೆ ಸೇರಿದ್ದು ಎಂದು ನೋಡಿ ಆ ಕಡೆ ಬರೆಯಿರಿ. ಪುಟದ ಕೆಳಗೆ ಒಂದು ಪ್ರಶ್ನೆ: ಯಾವುದರಿಂದ ಯಾವುದು ಹುಟ್ಟಿತು? ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ನಮ್ಮ ಕಡೆಯವರಿಗೆ ಇದು ಮೊದಲು ತಲೆಗೆ ಹತ್ತುವುದಿಲ್ಲ. ತಿಪಟೂರಿನಲ್ಲಿ ಬೆಳೆದ ನಾನು ‘ಕರ್ನಾಟಕದ ಪೌರತ್ವ’ ಅನ್ನೋ ಮಾತನ್ನೇ ಕೇಳಿರಲಿಲ್ಲ. ಭಾರತದಲ್ಲಿ ಇರೋದು ಒಂದೇ ಪೌರತ್ವ ಅಲ್ವಾ? ಇಲ್ಲಿ ಪ್ರಮಾಣವಚನ ತೆಗೆದುಕೊಂಡ ದಿನ ನನ್ನ ಕೈಗೆ ಬಂದ ಪ್ರಮಾಣಪತ್ರವೂ ಒಂದೇ, ಅಮೆರಿಕದ್ದು. ನ್ಯೂಜೆರ್ಸಿ ಒಂದು ಚೀಟಿಯನ್ನೂ ಕೊಡಲಿಲ್ಲ. ಆದರೂ ಅವತ್ತೇ ನಾನು ನ್ಯೂಜೆರ್ಸಿಯ ಪೌರಳೂ ಆದೆ.

ಓದುವುದನ್ನು ಮೂಲ ಸಂವಿಧಾನದಿಂದ ಶುರು ಮಾಡಿ. 1787ರಲ್ಲಿ ಬರೆದ ಅದರಲ್ಲಿ ‘ಪೌರ’ ಅನ್ನೋ ಪದ ಅಲ್ಲಲ್ಲಿ ಬರುತ್ತದೆ, ಆದರೆ ಯಾರು ಪೌರ ಎಂದು ಎಲ್ಲೂ ಹೇಳಿಲ್ಲ. ನಾಲ್ಕನೇ ವಿಧಿಯ ಎರಡನೇ ಭಾಗದಲ್ಲಿ ಒಂದು ರಾಜ್ಯದ ಪೌರರಿಗೆ ಬೇರೆ ರಾಜ್ಯಗಳಲ್ಲೂ ಅಲ್ಲಿನ ಪೌರರ ಸವಲತ್ತು ಸಿಗಬೇಕು ಎಂದಿದೆ. ಯಾವ ಸವಲತ್ತು? ಅದಕ್ಕೆ 1823ರ ಕಾರ್‌ಫೀಲ್ಡ್ ಕೇಸು ನೋಡಿ. ನಮ್ಮ ನ್ಯೂಜೆರ್ಸಿಯದ್ದೇ. ಮಾರಿಸ್ ನದಿಯ ಕೊಲ್ಲಿಯಲ್ಲಿ ಆಯ್ಸ್ಟರ್, ಅಂದರೆ ಸಿಂಪಿ, ತೆಗೆಯುತ್ತಿದ್ದ ದೋಣಿಯನ್ನು ಹಿಡಿದದ್ದಕ್ಕೆ ಎದ್ದ ವ್ಯಾಜ್ಯ. ಜಾರ್ಜ್ ವಾಷಿಂಗ್ಟನ್ ಅವರ ಅಣ್ಣತಮ್ಮಂದಿರ ಮಗ ಬುಶ್‌ರಾಡ್ ವಾಷಿಂಗ್ಟನ್ ಆಗ ನ್ಯಾಯಾಧೀಶರು. ಓಡಾಡುವುದು, ಆಸ್ತಿ ಮಾಡುವುದು, ಕೋರ್ಟಿಗೆ ಹೋಗುವುದು ಎಂದು ಮೂಲ ಹಕ್ಕುಗಳ ಉದ್ದ ಪಟ್ಟಿ ಕೊಟ್ಟರು. ಸಿಂಪಿ ಮಾತ್ರ ನ್ಯೂಜೆರ್ಸಿಯವರದ್ದೇ ಅಂದರು! ಪಟ್ಟಿ ಪೂರ್ತಿ ಎಡಗಡೆ ಬರೆದುಕೊಳ್ಳಿ, ಮುಂದೆ ಬೇಕು.

ಮುಂದಿನದು 1857ರ ಡ್ರೆಡ್ ಸ್ಕಾಟ್ ತೀರ್ಪು. ಒಂಬತ್ತು ನ್ಯಾಯಾಧೀಶರೂ ಬೇರೆ ಬೇರೆ ಬರೆದಿದ್ದಾರೆ. ಎಲ್ಲ ಓದಲು ಹೋಗಬೇಡಿ. ಒಪ್ಪದೆ ಬರೆದ ಬೆಂಜಮಿನ್ ಕರ್ಟಿಸ್ ಅವರದ್ದನ್ನು ಮೊದಲು ಓದಿ, ಆಮೇಲೆ ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ ಬರೆದದ್ದು. ಗುಲಾಮಗಿರಿಯಿಂದ ಬಿಡುಗಡೆ ಕೇಳಿ ಬಂದ ಸ್ಕಾಟ್, ತಾನು ಮಿಸೌರಿಯ ಪೌರ ಎಂದು ತೋರಿಸಿದರೆ ಮಾತ್ರ, ಬೇರೆ ಬೇರೆ ರಾಜ್ಯದ ಪೌರರ ನಡುವಿನ ವ್ಯಾಜ್ಯ ಎಂದು, ನ್ಯೂಯಾರ್ಕಿನವನ ಮೇಲೆ ಫೆಡರಲ್ ಕೋರ್ಟಿನಲ್ಲಿ ದಾವೆ ಹಾಕಬಹುದಿತ್ತು. ರಾಜ್ಯ ಯಾರನ್ನು ಬೇಕಾದರೂ ತನ್ನ ಪೌರ ಅನ್ನಲಿ, ಅದರಿಂದ ಅವನು ಅಮೆರಿಕದ ಪೌರ ಆಗುವುದಿಲ್ಲ, ಕಪ್ಪು ಜನರಂತೂ ಆಗಲಾರರು ಎಂದರು ಟಾನಿ. ಈ ಸಂವಿಧಾನಕ್ಕೂ ಮೊದಲಿನ ಹಳೆಯ ಒಕ್ಕೂಟದ ಕಾಲದಲ್ಲೇ ಐದು ರಾಜ್ಯಗಳಲ್ಲಿ ಸ್ವತಂತ್ರ ಕಪ್ಪು ಗಂಡಸರು ವೋಟು ಹಾಕುತ್ತಿದ್ದರು, ರಾಜ್ಯದ ಪೌರರಾಗಿ ಹುಟ್ಟಿದವರೇ ದೇಶದ ಪೌರರು ಎಂದರು ಕರ್ಟಿಸ್. ಕೆಳಗಿನ ಪ್ರಶ್ನೆಗೆ ಇಲ್ಲಿ ಎರಡು ಉತ್ತರ ಸಿಗುತ್ತವೆ. ಎರಡನ್ನೂ ಬರೆಯಿರಿ.

ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಹದಿನಾಲ್ಕನೇ ತಿದ್ದುಪಡಿ ಬಂತು. ಅದರ ಮೊದಲ ವಾಕ್ಯವನ್ನು ಕೈಯಲ್ಲಿ ಬರೆದುಕೊಳ್ಳಿ. ಇಲ್ಲಿ ಹುಟ್ಟಿದ ಅಥವಾ ಇಲ್ಲಿನ ಪೌರತ್ವ ಪಡೆದ, ಇಲ್ಲಿನ ಅಧಿಕಾರಕ್ಕೆ ಒಳಪಟ್ಟ ಎಲ್ಲರೂ ಅಮೆರಿಕದ ಪೌರರು, ತಾವು ವಾಸಿಸುವ ರಾಜ್ಯದ ಪೌರರೂ ಹೌದು. ಮೊದಲು ದೇಶ, ಆಮೇಲೆ ರಾಜ್ಯ. ರಾಜ್ಯದ್ದಕ್ಕೆ ಬೇಕಾದದ್ದು ಅಲ್ಲೊಂದು ಮನೆ, ಅಷ್ಟೇ. ನಾಳೆ ನಾನು ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದರೆ ಅಲ್ಲಿಯ ಪೌರಳು. ಯಾರ ಒಪ್ಪಿಗೆಯೂ ಬೇಕಿಲ್ಲ.

ಎರಡನೇ ವಾಕ್ಯದಲ್ಲಿ ‘ಅಮೆರಿಕದ ಪೌರರ’ ಸವಲತ್ತುಗಳನ್ನು ಯಾವ ರಾಜ್ಯವೂ ಮೊಟಕು ಮಾಡಬಾರದು ಎಂದಿದೆ. ಇಲ್ಲಿ ನಿಲ್ಲಿ. ಮುಂದಿನ ಗಲಾಟೆಯೆಲ್ಲ ಈ ಎರಡು ಪದಗಳ ಮೇಲೆ.

1869ರಲ್ಲಿ ಲೂಸಿಯಾನಾ ಸರ್ಕಾರ ನ್ಯೂ ಆರ್ಲಿಯನ್ಸ್‌ನ ಕಸಾಯಿಖಾನೆ ವ್ಯವಹಾರವನ್ನು 25 ವರ್ಷಕ್ಕೆ ಒಂದೇ ಕಂಪನಿಗೆ ಕೊಟ್ಟಿತು. ಬೇರೆ ಕಟುಕರು ಅಲ್ಲೇ ಶುಲ್ಕ ಕೊಟ್ಟು ಕಡಿಯಬೇಕು. ಅವರು ಕೋರ್ಟಿಗೆ ಹೋದರು. 1873ರ ಏಪ್ರಿಲ್ 14ರಂದು 5–4ರಲ್ಲಿ ಸೋತರು. ಬಹುಮತದ ತೀರ್ಪು ಬರೆದ ಸ್ಯಾಮ್ಯುಯೆಲ್ ಮಿಲ್ಲರ್ ಮೊದಲು ಡಾಕ್ಟರಾಗಿದ್ದವರು. ಪದಗಳನ್ನೂ ಹಾಗೇ ಕೊಯ್ದರು. ಎರಡು ಪೌರತ್ವ ಬೇರೆ ಬೇರೆ, ತಿದ್ದುಪಡಿ ಕಾಯುವುದು ದೇಶದ ಪೌರತ್ವದ ಸವಲತ್ತನ್ನು ಮಾತ್ರ. ಕಾರ್‌ಫೀಲ್ಡ್ ಪಟ್ಟಿಯ ಹಕ್ಕುಗಳು ರಾಜ್ಯದ ಕೈಯಲ್ಲೇ ಇರಲಿ ಎಂದರು. ಈಗ ನಿಮ್ಮ ಬಲಗಡೆ ನೋಡಿ. ರಾಜಧಾನಿಗೆ ಹೋಗುವುದು, ಬಂದರು ಬಳಸುವುದು, ಸಮುದ್ರದಲ್ಲಿ ಮತ್ತು ಹೊರದೇಶದಲ್ಲಿ ಸರ್ಕಾರದ ರಕ್ಷಣೆ, ಇನ್ನೊಂದು ರಾಜ್ಯಕ್ಕೆ ಹೋಗಿ ಅಲ್ಲಿಯ ಪೌರ ಆಗುವುದು, ಹೀಗೆ ಒಂದಷ್ಟು. ಯುದ್ಧ ಮಾಡಿ ಸಂವಿಧಾನ ತಿದ್ದಿದ್ದು ಇಷ್ಟಕ್ಕಾ? ಸ್ಟೀಫನ್ ಫೀಲ್ಡ್ ಬರೆದ ಭಿನ್ನ ತೀರ್ಪಿನಲ್ಲೂ ಇದೇ ಸಿಟ್ಟಿದೆ. ನಾನು ಫೀಲ್ಡ್ ಪಕ್ಷ.

ತೀರ್ಪಿನ ಹಿಂದಿನ ದಿನ, ಅದೇ ಲೂಸಿಯಾನಾದ ಕೊಲ್‌ಫ್ಯಾಕ್ಸ್‌ನಲ್ಲಿ ಬಿಳಿಯರ ಗುಂಪು ಹತ್ತಾರು ಕಪ್ಪು ಜನರನ್ನು ಕೊಂದಿತ್ತು. ಆ ಕೊಲೆಗಡುಕರ ಮೇಲಿನ ಫೆಡರಲ್ ಕೇಸು 1876ರಲ್ಲಿ ಬಿದ್ದುಹೋಯಿತು. ಸುಪ್ರೀಂ ಕೋರ್ಟಿನ ಕ್ರೂಕ್‌ಶ್ಯಾಂಕ್ ತೀರ್ಪಿನಲ್ಲೂ ಅದೇ ಮಾತು: ಎರಡು ಪೌರತ್ವ, ಎರಡು ಬಗೆಯ ಹಕ್ಕು, ಇವರ ಜೀವ ಕಾಯೋದು ರಾಜ್ಯದ ಕೆಲಸ. ಇದನ್ನು ಬರೆಯುವಾಗ ಎಡಗಡೆಯ ಜಾಗ ಸಾಲದೆ ಅಂಚಿನಲ್ಲಿ ಬರೆದೆ.

ಆಮೇಲಿನ ನೂರು ವರ್ಷವನ್ನು ಬೇಗ ದಾಟಬಹುದು. ವಾಕ್‌ ಸ್ವಾತಂತ್ರ್ಯದಂಥ ಹಕ್ಕುಗಳು ಅದೇ ತಿದ್ದುಪಡಿಯ ಇನ್ನೊಂದು ಮಾತಿನ ಮೂಲಕ, ಅಂದರೆ ಸರಿಯಾದ ಕಾನೂನು ಕ್ರಮ ಅನ್ನೋ ದಾರಿಯಿಂದ, ರಾಜ್ಯಗಳಿಗೂ ಅನ್ವಯ ಆದವು. 1999ರ ಸೈಂಜ್ ಕೇಸನ್ನು ಮಾತ್ರ ಬಿಡಬೇಡಿ. ಕ್ಯಾಲಿಫೋರ್ನಿಯಾ ಹೊಸದಾಗಿ ಬಂದ ಬಡವರಿಗೆ ಮೊದಲ ವರ್ಷ ಅವರ ಹಳೆಯ ರಾಜ್ಯದ ಲೆಕ್ಕದಲ್ಲೇ ನೆರವು ಕೊಡುವ ಕಾನೂನು ಮಾಡಿತ್ತು. ಕೂಡದು ಎಂದಿತು ಕೋರ್ಟು, 7–2ರಲ್ಲಿ, ಮಿಲ್ಲರ್ ಪಟ್ಟಿಯ ಆ ‘ಇನ್ನೊಂದು ರಾಜ್ಯದ ಪೌರ ಆಗುವ’ ಹಕ್ಕನ್ನೇ ಹಿಡಿದು.

ಈಗ ಆ ನಾಲ್ಕು ಹಾಳೆ. ‘ಎರಡು ಪೌರತ್ವ ಬೇರೆ ಬೇರೆ’ ಅನ್ನೋ ಮಿಲ್ಲರ್ ಮಾತಿಗೆ ಹಳದಿ ಬಣ್ಣ ಬಳಿದಿದ್ದರು. ಮುಂದೆ ಓದಿರಲಿಲ್ಲ. ರಾಜ್ಯದ ಪೌರ ಆಗದೆಯೇ ದೇಶದ ಪೌರ ಆಗಬಹುದು ಎಂದು ಮಿಲ್ಲರ್ ಬರೆದಿದ್ದಾರೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಇರುವವರನ್ನು ನೋಡಿದರೆ ಸಾಕು. ಇಲ್ಲಿ ಹುಟ್ಟಿದವರು ನೋಟರಿ ಮೊಹರು ಹಾಕಿಸಿ ದೇಶದ್ದನ್ನು ಕಳಚಿ ರಾಜ್ಯದ್ದನ್ನು ಮಾತ್ರ ಇಟ್ಟುಕೊಳ್ಳುವ ದಾರಿ ಅಲ್ಲಿಲ್ಲ.

ನಾನು ಇಷ್ಟೆಲ್ಲ ಅವರಿಗೆ ಹೇಳಲಿಲ್ಲ. ‘ಎಚ್-1ಬಿ ವೀಸಾದಲ್ಲಿದ್ದಾಗ ನನಗೆ ಇಲ್ಲಿನ ಎರಡು ಪೌರತ್ವವೂ ಇರಲಿಲ್ಲ. ಆರು ವರ್ಷ ತೆರಿಗೆ ಕಟ್ಟಿದೆ’ ಅಂದೆ. ಇಂಥ ವಾದ ಹಾಕಿದ ರಿಟರ್ನ್‌ಗೆ 5,000 ಡಾಲರ್ ದಂಡ ಇದೆ ಎಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನಿಂದ ಡಬ್ಲ್ಯೂ-2, ಅಂದರೆ ಕಂಪನಿ ಕೊಡುವ ವರ್ಷದ ಸಂಬಳದ ಲೆಕ್ಕಪತ್ರ, ತೆಗೆದುಕೊಟ್ಟು, ಆ ನಾಲ್ಕು ಹಾಳೆಗೆ ಕೊಟ್ಟ ದುಡ್ಡನ್ನು ಖರ್ಚಿನಲ್ಲಿ ತೋರಿಸಬಹುದಾ ಎಂದು ಕೇಳಿದರು.

ಆಗೋದಿಲ್ಲ ಎಂದೆ.