ಬಿಸಿಲ ನಾಡಿನ ನೀರಿಗೆ ಎಂಥ ಫ್ಲೈ ಲೈನ್ ಬೇಕು?

ಗಾಳ ಹಾಕಿ ರೂಢಿಯಿದ್ದವರಿಗೆ ಫ್ಲೈ ಫಿಶಿಂಗ್‌ನಲ್ಲಿ ಮೊದಲು ತಲೆಕೆಳಗಾಗಿ ಕಾಣುವುದು ದಾರದ ವಿಷಯ. ಭೀಮಾ ದಂಡೆಯಲ್ಲಿ ನಿಂತು ಗಾಳ ಎಸೆದರೆ ಸೀಸದ ಗುಂಡು ಹಾರುತ್ತದೆ, ದಾರ ಅದರ ಬೆನ್ನು ಹತ್ತಿ ಹೋಗುತ್ತದೆ. ಇಲ್ಲಿ ಗುಂಡೇ ಇಲ್ಲ. ಪುಕ್ಕ, ನೂಲು ಸುತ್ತಿ ಹುಳದಂತೆ ಮಾಡಿದ ಫ್ಲೈಗೆ ತೂಕವೂ ಇಲ್ಲ. ಕೋಳಿಪುಕ್ಕವನ್ನು ಎಷ್ಟು ಜೋರಾಗಿ ಬೀಸಿದರೂ ಒಂದು ಮಾರು ದೂರ ಹೋಗುವುದಿಲ್ಲ. ಅದಕ್ಕೇ ತೂಕವನ್ನು ದಾರದೊಳಗೇ ತುಂಬಿರುತ್ತಾರೆ. ಹಾರುವುದು ಲೈನ್, ಅದರ ಬಾಲ ಹಿಡಿದು ಹೋಗುವುದು ಫ್ಲೈ. ಲೈನ್ ತಪ್ಪಾದರೆ ದುಬಾರಿ ರಾಡ್ ಕೂಡ ಬರೀ ಕೋಲು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ರಾಡ್ ಸಾಧಾರಣದ್ದು ತಗೊಳ್ಳಿ, ಲೈನ್ ಒಳ್ಳೆಯದು ತಗೊಳ್ಳಿ.

ಕಲಬುರಗಿ, ಬೀದರ್, ಯಾದಗಿರಿಯವರಿಗೆ ಇನ್ನೊಂದು ತೊಡಕಿದೆ: ಬಿಸಿಲು. ಸಿಹಿನೀರಿನ ಲೈನ್‌ಗಳಲ್ಲಿ ಬಹುಪಾಲು ಟ್ರೌಟ್ ಮೀನಿರುವ ತಣ್ಣನೆಯ ಹೊಳೆಗಳಿಗೆಂದು ಮಾಡಿದವು. ಆ ಲೈನ್ ನಮ್ಮ ಏಪ್ರಿಲ್‌ನಲ್ಲಿ ಏನಾಗುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆದಿರುವುದಿಲ್ಲ.

ಪೆಟ್ಟಿಗೆ ಓದುವ ರೀತಿ

ಪೆಟ್ಟಿಗೆಯ ಮೇಲೆ ಡಬ್ಲ್ಯೂಎಫ್-6-ಎಫ್ ಎಂದಿರುತ್ತದೆ. ಮೊದಲ ಅಕ್ಷರಗಳು ಲೈನ್‌ನ ಆಕಾರ ಹೇಳುತ್ತವೆ: ಡಬ್ಲ್ಯೂಎಫ್ ಎಂದರೆ ವೇಟ್ ಫಾರ್ವರ್ಡ್, ಮುಂಭಾಗ ದಪ್ಪ, ಹಿಂದೆ ಸಣ್ಣ; ಡಿಟಿ ಎಂದರೆ ಡಬಲ್ ಟೇಪರ್, ನಡುವೆ ದಪ್ಪ, ಎರಡೂ ತುದಿ ಸಣ್ಣ. ನಡುವಿನ ಅಂಕಿ ತೂಕದ ನಂಬರ್. ಕೊನೆಯ ಎಫ್ ಎಂದರೆ ತೇಲುವುದು, ಎಸ್ ಎಂದರೆ ಮುಳುಗುವುದು, ಐ ಎಂದರೆ ನಿಧಾನವಾಗಿ ಇಳಿಯುವ ಇಂಟರ್ಮೀಡಿಯೆಟ್.

ಈ ನಂಬರ್ ಲೈನ್‌ನ ಮೊದಲ 30 ಅಡಿಯ, ಅಂದರೆ 9.14 ಮೀಟರ್‌ನ ತೂಕದಿಂದ ಬರುತ್ತದೆ. ಅಳತೆ ಗ್ರೇನ್‌ನಲ್ಲಿ, ಒಂದು ಗ್ರೇನ್ ಸುಮಾರು 0.065 ಗ್ರಾಂ. 5ನೇ ನಂಬರ್ 140 ಗ್ರೇನ್, ಅಂದರೆ 9.1 ಗ್ರಾಂ. 6ನೇ ನಂಬರ್ 160 ಗ್ರೇನ್, 10.4 ಗ್ರಾಂ. 7ನೇ ನಂಬರ್ 185 ಗ್ರೇನ್, 12 ಗ್ರಾಂ. 8ನೇ ನಂಬರ್ 210 ಗ್ರೇನ್, 13.6 ಗ್ರಾಂ. ಈಗ ಸರಾಫರು 10 ಗ್ರಾಂಗೆ ಒಂದು ತೊಲೆ ಎಂದು ಹಿಡಿಯುವ ಲೆಕ್ಕದಲ್ಲಿ 6ನೇ ನಂಬರ್ ಲೈನ್‌ನ ಮುಂಭಾಗ ಒಂದು ತೊಲೆಗಿಂತ ತುಸು ಹೆಚ್ಚು. ಅಷ್ಟೇ ತೂಕ ಇಡೀ ರಾಡನ್ನು ಬಗ್ಗಿಸಬೇಕು.

ರಾಡ್‌ನ ಹಿಡಿಯ ಮೇಲೆ ಬರೆದ ನಂಬರ್ ನೋಡಿ ಅದೇ ನಂಬರಿನ ಲೈನ್ ತಗೊಳ್ಳುವುದು ಮೊದಲ ನಿಯಮ. ರಾಡ್ ಇನ್ನೂ ಕೊಂಡಿಲ್ಲವಾದರೆ ಯಾವ ಮೀನು ಎಂಬುದರಿಂದ ಶುರು ಮಾಡಿ. ಕೆರೆಯ ಜಿಲೇಬಿ ಮೀನಿಗೆ, ಸಣ್ಣ ಬೆಳ್ಳಿ ಮೀನುಗಳಿಗೆ 5 ಸಾಕು. ಜೊಂಡಿನ ನಡುವೆ ಅಡಗುವ ಕೊರಮೀನಿಗೆ ಕಪ್ಪೆಯಾಕಾರದ ದಪ್ಪ ಫ್ಲೈ ಬೇಕು. ಅದನ್ನು ಹೊತ್ತೊಯ್ಯಲು, ಕಚ್ಚಿದ ಮೀನನ್ನು ಜೊಂಡಿನಿಂದ ಎಳೆದು ತರಲು 8 ಬೇಕು. ರೋಹುಗೆ 7. ಒಂದೇ ಸೆಟ್‌ನಲ್ಲಿ ಎಲ್ಲ ಆಗಬೇಕೆಂದರೆ 6. ಅದಕ್ಕಿಂತ ಕಡಿಮೆಗೆ ಹೋದರೆ ಆಷಾಢದ ಗಾಳಿಯಲ್ಲಿ ಎಸೆಯುವುದೇ ಆಗದು. ಗಿಡಮರ ಕಡಿಮೆ ಇರುವ ನಮ್ಮ ಬಯಲಲ್ಲಿ ಗಾಳಿಗೆ ತಡೆಯಿಲ್ಲ, ಹಗುರ ಲೈನ್ ಮುಖಕ್ಕೇ ತಿರುಗಿ ಬರುತ್ತದೆ.

ಬಿಸಿಲು ಲೈನ್‌ಗೆ ಏನು ಮಾಡುತ್ತದೆ

ಲೈನ್‌ನ ನಡುವೆ ನೂಲಿನ ತಿರುಳು, ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಪದರ ಸಾಮಾನ್ಯವಾಗಿ ಪಿವಿಸಿ, ಕೆಲವದರಲ್ಲಿ ಪಾಲಿಯುರೆಥೇನ್. ಪಿವಿಸಿ ಮೂಲತಃ ಗಟ್ಟಿ. ಅದನ್ನು ಮೆದು ಮಾಡಲು ಎಣ್ಣೆಯಂಥ ಪದಾರ್ಥ ಬೆರೆಸುತ್ತಾರೆ. ತಣ್ಣೀರಿನ ಲೈನ್‌ಗೆ ಇದನ್ನು ಹೆಚ್ಚು ಬೆರೆಸಿರುತ್ತಾರೆ, ಇಲ್ಲದಿದ್ದರೆ ಚಳಿಯಲ್ಲಿ ಅದು ತಂತಿಯಂತೆ ಸೆಟೆಯುತ್ತದೆ. ಅದೇ ಲೈನನ್ನು 40 ಡಿಗ್ರಿ ದಾಟಿದ ಹೊತ್ತಿನಲ್ಲಿ ಬೀಸಿದರೆ ಪದರ ಮೆತ್ತಗಾಗಿ ಅಂಟಂಟಾಗುತ್ತದೆ. ರಾಡ್‌ನ ರಿಂಗುಗಳಿಗೆ ತಾಗಿ ಜಾರುವ ಬದಲು ಅಲ್ಲೇ ಹಿಡಿದುಕೊಳ್ಳುತ್ತದೆ. ರಿಂಗುಗಳ ನಡುವೆ ಜೋತು ಬೀಳುತ್ತದೆ. ನಾಲ್ಕು ಮೀಟರ್ ಹೆಚ್ಚು ಹೋಗಬೇಕಾದ ಲೈನ್ ಕಾಲ ಬುಡದಲ್ಲಿ ಗಂಟಾಗಿ ಬೀಳುತ್ತದೆ. ಹೊಸಬರು ಇದನ್ನು ತಮ್ಮ ಕೈಯ ತಪ್ಪೆಂದು ತಿಳಿದು ಜೋರು ಹೆಚ್ಚಿಸುತ್ತಾರೆ. ಆಗ ಭುಜ ನೋಯುತ್ತದೆ, ಲೈನ್ ಮಾತ್ರ ಹೋಗುವುದಿಲ್ಲ.

ಹಾಗಾಗಿ ಪೆಟ್ಟಿಗೆಯ ಮೇಲೆ ಟ್ರಾಪಿಕಲ್ ಅಥವಾ ವಾರ್ಮ್ ವಾಟರ್ ಎಂದು ಇದೆಯೇ ನೋಡಿ. ಇವುಗಳ ಪದರ ಗಟ್ಟಿ, ತಿರುಳೂ ಬಿಗಿ. ಬಾಸ್ ಮೀನಿಗೆಂದು ಮಾಡಿದ ಸಿಹಿನೀರಿನ ಲೈನ್‌ಗಳೂ ಹೆಚ್ಚಾಗಿ ಈ ಗುಂಪಿಗೇ ಸೇರುತ್ತವೆ, ದಪ್ಪ ಫ್ಲೈ ಹೊರುವ ಶಕ್ತಿಯೂ ಅವಕ್ಕಿದೆ. ನಮ್ಮ ಕೊರಮೀನಿಗೆ ಚೆನ್ನಾಗಿ ಹೊಂದುತ್ತವೆ. ಟ್ರೌಟ್ ಎಂದು ದೊಡ್ಡದಾಗಿ ಬರೆದ ಲೈನನ್ನು ರಿಯಾಯಿತಿ ಕಂಡು ಕೊಳ್ಳಬೇಡಿ.

ಈಗಾಗಲೇ ಲೈನ್ ಇದ್ದರೆ ಪರೀಕ್ಷೆ ಸುಲಭ. ಬೇಸಿಗೆಯ ಮಧ್ಯಾಹ್ನ 2 ಗಂಟೆಗೆ ಎರಡು ಮೀಟರ್ ಲೈನ್ ಬಿಚ್ಚಿ ನೆರಳಲ್ಲೇ ಅರ್ಧ ಗಂಟೆ ಇಡಿ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು 20 ಸೆಂಟಿಮೀಟರ್ ತುದಿಯನ್ನು ಅಡ್ಡಲಾಗಿ ಚಾಚಿ. ಒದ್ದೆ ನೂಲಿನಂತೆ ನೇರ ಕೆಳಗೆ ಬಿದ್ದರೆ, ಬೆರಳು ಜಾರಿಸುವಾಗ ತಡೆತಡೆದು ಬಂದರೆ, ಆ ಲೈನನ್ನು ಮಾಘದ ಚಳಿಗೆ ಎತ್ತಿಡಿ. ಕಮಾನಿನಂತೆ ಬಾಗಿ ನಿಂತರೆ ಬೇಸಿಗೆಗೂ ನಡೆಯುತ್ತದೆ.

ಟ್ರಾಪಿಕಲ್ ಲೈನ್‌ಗೂ ಒಂದು ದೋಷ ಇದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಬೀದರ್ ಕಡೆ ನೀರಿಗಿಳಿದರೆ ಅದು ರೀಲಿನಿಂದ ಸ್ಪ್ರಿಂಗ್‌ನಂತೆ ಸುರುಳಿ ಸುರುಳಿಯಾಗಿ ಬರುತ್ತದೆ. ಎಸೆಯುವ ಮುಂಚೆ ಒಂದೊಂದು ಮಾರು ಹಿಡಿದು ಎರಡು ಮೂರು ಸೆಕೆಂಡ್ ನಿಧಾನಕ್ಕೆ ಎಳೆಯಿರಿ, ಜಗ್ಗಬೇಡಿ. ಹದಿನೈದು ಮೀಟರ್ ಹೀಗೆ ಎಳೆದರೆ ಬಿಸಿಲೇರುವ ತನಕ ನೇರವಾಗಿರುತ್ತದೆ. ವರ್ಷದಲ್ಲಿ ಎರಡು ತಿಂಗಳ ಈ ತೊಂದರೆಗಾಗಿ ಹತ್ತು ತಿಂಗಳು ಅಂಟು ಲೈನ್ ಬೀಸುವುದು ಬೇಡ.

ಬೆನ್ನ ಹಿಂದಿನ ಜಾಲಿ

ಆಕಾರದ ಆಯ್ಕೆಯನ್ನು ದಂಡೆಯೇ ತೀರ್ಮಾನಿಸುತ್ತದೆ. ಕೆರೆ ಏರಿಯ ಮೇಲೆ, ಹಳ್ಳದ ದಡದಲ್ಲಿ ಬಳ್ಳಾರಿ ಜಾಲಿ ಒತ್ತಾಗಿ ಬೆಳೆದಿರುತ್ತದೆ. ಹಿಂದಕ್ಕೆ ಬೀಸಿದ ಲೈನ್ ಅದರ ಮುಳ್ಳಿಗೆ ಸಿಕ್ಕರೆ ಫ್ಲೈ ಹೋಗುವುದಷ್ಟೇ ಅಲ್ಲ, ಎಳೆದಾಗ ಪದರ ಸೀಳುತ್ತದೆ. ಇಂಥ ಕಡೆ ಹಿಂದಕ್ಕೆ ಬೀಸದೆ ನೀರಿನ ಮೇಲೇ ಉರುಳಿಸಿ ಎಸೆಯುವ ರೋಲ್ ಕಾಸ್ಟ್ ಮಾಡಬೇಕು. ಅದಕ್ಕೆ ಡಬಲ್ ಟೇಪರ್ ಉತ್ತಮ. ರಾಡ್ ತುದಿಯಿಂದ ದೂರದವರೆಗೂ ದಪ್ಪ ಒಂದೇ ಇರುವುದರಿಂದ ಉರುಳುವ ಬಲ ನಡುವೆ ಸಾಯುವುದಿಲ್ಲ. ವೇಟ್ ಫಾರ್ವರ್ಡ್‌ನಲ್ಲಿ ದಪ್ಪ ತಲೆ ಪೂರ್ತಿ ರಿಂಗಿನ ಹೊರಗೆ ಹೋದ ಮೇಲೆ ಹಿಂದಿನ ಸಣ್ಣ ಲೈನ್‌ಗೆ ಆ ತಲೆಯನ್ನು ಉರುಳಿಸುವ ಶಕ್ತಿ ಇರುವುದಿಲ್ಲ. ಕೀಲು ಮುರಿದ ಬಾಗಿಲಿನಂತೆ ಅಲ್ಲೇ ಕುಸಿಯುತ್ತದೆ. ಡಬಲ್ ಟೇಪರ್‌ನ ಇನ್ನೊಂದು ಲಾಭ, ಒಂದು ತುದಿ ಸವೆದರೆ ತಿರುಗಿಸಿ ಸುತ್ತಿ ಇನ್ನೊಂದು ತುದಿ ಬಳಸಬಹುದು. ಆದರೆ ರೀಲಿನಲ್ಲಿ ಜಾಗ ಹೆಚ್ಚು ತಿನ್ನುತ್ತದೆ.

ಕಾರಂಜಾ, ಬೆಣ್ಣೆತೊರಾದಂಥ ಜಲಾಶಯಗಳ ತೆರೆದ ದಂಡೆಯಲ್ಲಿ ದೂರ ಬೇಕು, ಗಾಳಿಯನ್ನೂ ಸೀಳಬೇಕು. ಅಲ್ಲಿ ವೇಟ್ ಫಾರ್ವರ್ಡ್ ಸರಿ. ಕಲಿಯುವವರು ತಲೆಯ ಉದ್ದ 9ರಿಂದ 11 ಮೀಟರ್ ಇರುವುದನ್ನು ಆರಿಸಿ. ಇದಕ್ಕಿಂತ ಉದ್ದನೆಯ ತಲೆಯನ್ನು ಗಾಳಿಯಲ್ಲಿ ಎತ್ತಿ ಹಿಡಿಯಲು ಪಳಗಿದ ಕೈ ಬೇಕು. ಒಂದೇ ಲೈನ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಚಂದ್ರಂಪಳ್ಳಿ ಜಲಾಶಯ ಚಿಂಚೋಳಿ ವನ್ಯಜೀವಿಧಾಮದೊಳಗಿದೆ, ಸುರಪುರ ತಾಲ್ಲೂಕಿನ ಬೋನಾಳ ಕೆರೆ ಪಕ್ಷಿಧಾಮ, ಅವೆರಡನ್ನೂ ಬಿಟ್ಟುಬಿಡಿ. ಉಳಿದ ಕೆರೆಗಳಲ್ಲೂ ಮೀನಿನ ಹಕ್ಕು ಗುತ್ತಿಗೆ ಹಿಡಿದವರದ್ದಾಗಿರುತ್ತದೆ, ಮೊದಲು ಕೇಳಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ನಾರಾಯಣಪುರದ ಕೆಳಗೆ ಎಲ್ಲೇ ಆಗಲಿ, ಮೊಳಕಾಲುದ್ದ ನೀರಿಗೂ ಇಳಿಯದೆ ದಂಡೆಯಿಂದಲೇ ಎಸೆಯಿರಿ.

ತೇಲಬೇಕೋ, ಮುಳುಗಬೇಕೋ

ಮೊದಲ ಲೈನ್ ತೇಲುವುದೇ ಇರಲಿ. ಎರಡು ಮೀಟರ್ ಆಳದವರೆಗೆ ಉದ್ದನೆಯ ಲೀಡರ್ (ಲೈನ್‌ಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ), ತೂಕ ಸೇರಿಸಿದ ಫ್ಲೈ ಕಟ್ಟಿ ಅದರಲ್ಲೇ ನಿಭಾಯಿಸಬಹುದು. ಜಲಾಶಯದಲ್ಲಿ ಬೇಸಿಗೆಯ ಹಗಲು ಮೀನು ಆಳಕ್ಕೆ ಇಳಿದಾಗ ಎರಡನೇ ಲೈನ್ ಬೇಕೆನಿಸುತ್ತದೆ, ಆಗ ಇಂಟರ್ಮೀಡಿಯೆಟ್ ತಗೊಳ್ಳಿ. ಅದು ಸೆಕೆಂಡಿಗೆ ಸುಮಾರು 2.5ರಿಂದ 5 ಸೆಂಟಿಮೀಟರ್ ಇಳಿಯುತ್ತದೆ. 4 ಸೆಂಟಿಮೀಟರ್ ಎಂದು ಹಿಡಿದರೆ ಎರಡು ಮೀಟರ್ ಇಳಿಯಲು 50 ಸೆಕೆಂಡ್. ಲೈನ್ ನೀರಿಗೆ ಬಿದ್ದೊಡನೆ ಎಣಿಸಲು ಶುರು ಮಾಡಿ; 50ಕ್ಕೆ ಕಳೆ ತಾಗಿದರೆ ಮುಂದಿನ ಸಲ 40ಕ್ಕೇ ಎಳೆಯಿರಿ. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತೇಲುವ ಲೈನ್ ನಿಮಗೆ ಕಾಣಬೇಕು, ಅಷ್ಟೇ.

ಮನೆಗೆ ಬಂದ ಮೇಲೆ ತೂಗಿ ನೋಡಿ

ಹಲವು ಕಂಪನಿಗಳು 6 ಎಂದು ಬರೆದು ಅರ್ಧ ನಂಬರ್, ಕೆಲವೊಮ್ಮೆ ಪೂರ್ತಿ ಒಂದು ನಂಬರ್ ಭಾರ ಹೆಚ್ಚು ಇಡುತ್ತವೆ. ಗಡುಸು ರಾಡ್ ಬೇಗ ಬಗ್ಗಲಿ ಎಂಬ ಉದ್ದೇಶ ಅದರ ಹಿಂದಿದೆ, ಆದರೆ ಮೆದು ರಾಡ್‌ಗೆ ಇದು ಹೊರೆ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಪರಿಚಯದ ಸರಾಫ್ ಅಂಗಡಿಯಿದ್ದರೆ ಇನ್ನೂ ಒಳ್ಳೆಯದು.

ಲೈನ್‌ನ ಮುಂತುದಿಯಲ್ಲಿ ಗೇಣುದ್ದ ಒಂದೇ ದಪ್ಪದ ಭಾಗ ಇರುತ್ತದೆ. ಅದನ್ನು ಬಿಟ್ಟು, ದಪ್ಪವಾಗಲು ಶುರುವಾಗುವ ಜಾಗದಿಂದ 9.14 ಮೀಟರ್ ಅಳೆದು ಪರ್ಮನೆಂಟ್ ಮಾರ್ಕರ್‌ನಿಂದ ಗೆರೆ ಹಾಕಿ. ಒಂದು ಹಗುರ ಪ್ಲಾಸ್ಟಿಕ್ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಗೆರೆಯವರೆಗಿನ ಲೈನನ್ನು ಸುರುಳಿ ಮಾಡಿ ಅದರಲ್ಲಿಡಿ. ಉಳಿದ ಲೈನನ್ನು ತಕ್ಕಡಿಯಷ್ಟೇ ಎತ್ತರದ ಪುಸ್ತಕಗಳ ಮೇಲಿಡಿ. ಅದು ಕೆಳಕ್ಕೆ ಜೋತರೆ ತೂಕ ತಪ್ಪು ಬರುತ್ತದೆ. 6ನೇ ನಂಬರ್ ಎಂದು ಕೊಂಡದ್ದು 10ರಿಂದ 11 ಗ್ರಾಂ ಒಳಗಿದ್ದರೆ ಸರಿ. 12 ಬಂದರೆ ನೀವು ಕೊಂಡಿರುವುದು 7.

ಹಾಕಿದ ಗೆರೆಯನ್ನು ಅಳಿಸಬೇಡಿ. ಹುಲ್ಲಿನ ಮೈದಾನದಲ್ಲಿ ಗಾಳದ ಬದಲು ಉಲ್ಲನ್ ತುಣುಕು ಕಟ್ಟಿ, ಗೆರೆ ರಾಡ್ ತುದಿಗೆ ಬರುವಷ್ಟು ಲೈನ್ ಬಿಟ್ಟು ಬೀಸಿ ನೋಡಿ. ರಾಡ್ ಹಿಡಿಯವರೆಗೂ ಬಾಗಿ, ಹಿಂದೆ ಹೋದ ಲೈನ್ ನೆಲಕ್ಕೆ ಬಡಿದರೆ ಲೈನ್ ಭಾರ. ರಾಡ್ ಬಾಗದೆ, ಲೈನ್ ಬಿಚ್ಚದೆ ಮುಂದೆ ರಾಶಿಯಾಗಿ ಬಿದ್ದರೆ ಹಗುರ. ನೀವು ಯಾವಾಗಲೂ ಆರೇಳು ಮೀಟರ್ ಒಳಗೇ ಎಸೆಯುವವರಾದರೆ ಒಂದು ನಂಬರ್ ಹೆಚ್ಚು ಹಾಕುವುದು ತಪ್ಪಲ್ಲ. ಅಷ್ಟು ಕಡಿಮೆ ಲೈನ್ ಹೊರಗಿದ್ದಾಗ ಪೂರ್ತಿ ತೂಕ ರಾಡ್‌ಗೆ ಸಿಗುವುದೇ ಇಲ್ಲ. ಶಹಾಬಾದ್ ಪರಸಿ ಹಾಸಿದ ಅಂಗಳದಲ್ಲಿ, ಡಾಂಬರಿನ ಮೇಲೆ ಅಭ್ಯಾಸ ಬೇಡ, ಪದರ ಉಜ್ಜಿ ಹೋಗುತ್ತದೆ.

ರೀಲಿಗೆ ಸುತ್ತುವುದು

ಮೊದಲು ಬ್ಯಾಕಿಂಗ್, ಅಂದರೆ ಲೈನ್‌ನ ಕೆಳಗೆ ರೀಲಿಗೆ ಸುತ್ತುವ ತಳದ ದಾರ: 50ರಿಂದ 75 ಮೀಟರ್ ಡೇಕ್ರಾನ್, 20 ಪೌಂಡ್ ಬಲದ್ದು. ಗಾಳಿಪಟದ ಹತ್ತಿ ದಾರ ಬೇಡ, ಒದ್ದೆಯಾಗಿ ಒಳಗೇ ಕೊಳೆಯುತ್ತದೆ. ಲೈನ್‌ನ ಒಂದು ತುದಿಗೆ ‘ಈ ತುದಿ ರೀಲಿಗೆ’ ಎಂಬ ಅರ್ಥದ ಚೀಟಿ ಅಂಟಿಸಿರುತ್ತಾರೆ. ಅದನ್ನು ನೋಡದೆ ವೇಟ್ ಫಾರ್ವರ್ಡ್ ಲೈನನ್ನು ಉಲ್ಟಾ ಸುತ್ತುವವರು ಬಹಳ. ಆಗ ದಪ್ಪ ತಲೆ ರೀಲಿನ ತಳದಲ್ಲಿ, ತೂಕವಿಲ್ಲದ ಬಾಲ ರಾಡ್ ತುದಿಯಲ್ಲಿ. ಲೈನ್ ಸುತ್ತಿ ಬಂದ ಉರುಳೆಯನ್ನು ಪೆನ್ಸಿಲ್‌ಗೆ ಸಿಕ್ಕಿಸಿ ಒಬ್ಬರು ಹಿಡಿಯಿರಿ, ಅದು ಚಕ್ರದಂತೆ ತಿರುಗುತ್ತ ಬಿಚ್ಚಲಿ. ನೆಲದ ಮೇಲೆ ಮಲಗಿಸಿ ಪಕ್ಕದಿಂದ ಎಳೆದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರಿ, ಎಸೆಯುವಾಗ ಲೈನ್ ಹೆಣೆದುಕೊಳ್ಳುತ್ತದೆ. ರೀಲಿನ ಅಂಚಿಗೆ 4–5 ಮಿಲಿಮೀಟರ್ ಜಾಗ ಉಳಿಯಲಿ.

ಲೈನ್‌ನ ಮುಂತುದಿಯಲ್ಲಿ ಕುಣಿಕೆ ಇಲ್ಲದಿದ್ದರೆ ಲೀಡರ್ ಸೇರಿಸಲು ನೇಲ್ ನಾಟ್ ಎಂಬ ಗಂಟು ಹಾಕಬೇಕು. ಖಾಲಿ ಬಾಲ್‌ಪೆನ್ ರೀಫಿಲ್‌ನ ಎರಡಿಂಚು ತುಂಡು ತೊಳೆದಿಟ್ಟುಕೊಳ್ಳಿ. ಲೈನ್ ತುದಿ, ರೀಫಿಲ್, ಲೀಡರ್‌ನ ದಪ್ಪ ತುದಿ ಮೂರನ್ನೂ ಒಟ್ಟಿಗೆ ಹಿಡಿದು, ಲೀಡರ್‌ನ ತುದಿಯಿಂದ ಮೂರರ ಮೇಲೂ ಆರು ಸುತ್ತು ಹತ್ತಿರ ಹತ್ತಿರ ಸುತ್ತಿ. ಅದೇ ತುದಿಯನ್ನು ರೀಫಿಲ್ ಒಳಗಿಂದ ಸುತ್ತುಗಳ ಕೆಳಗೆ ಹಿಂದಕ್ಕೆ ತೂರಿಸಿ, ಬೆರಳಲ್ಲಿ ಸುತ್ತುಗಳನ್ನು ಅಮುಕಿ ಹಿಡಿದು ರೀಫಿಲ್ ಜಾರಿಸಿ ತೆಗೆಯಿರಿ. ಉಗುಳು ಹಚ್ಚಿ ಎರಡೂ ಕಡೆ ಎಳೆಯಿರಿ. ಸುತ್ತುಗಳು ಒಂದರ ಮೇಲೊಂದು ಹತ್ತದೆ ಸಾಲಾಗಿ ಕುಳಿತು ಪದರಕ್ಕೆ ಕಚ್ಚಿರಬೇಕು. ಹತ್ತಿದ್ದರೆ ಬಿಚ್ಚಿ ಮತ್ತೆ ಹಾಕಿ, ಅಂಥ ಗಂಟು ದೊಡ್ಡ ಮೀನಿಗೆ ಜಾರುತ್ತದೆ.

ಲೀಡರ್ ಕೊಳ್ಳದೆ ನೈಲಾನ್ ದಾರದಲ್ಲೇ ಮಾಡಿಕೊಳ್ಳಬಹುದು: 0.50 ಮಿಲಿಮೀಟರ್ ದಪ್ಪದ್ದು 120 ಸೆಂಟಿಮೀಟರ್, 0.40ದು 60, 0.30ದು 40, ಕೊನೆಗೆ 0.22ದು 60. ಒಟ್ಟು 280 ಸೆಂಟಿಮೀಟರ್, ಅಂದಾಜು 9 ಅಡಿ. ಕೊರಮೀನಿಗೆ ಹಲ್ಲಿದೆ, ಅದಕ್ಕೆ 0.40ರಲ್ಲೇ ನಿಲ್ಲಿಸಿ, ಒಟ್ಟು ಉದ್ದ ಎರಡು ಮೀಟರ್ ಸಾಕು.

ಲೈನ್ ಬಾಳಿಕೆ

ಎರೆಮಣ್ಣಿನ ನೀರು ಲೈನ್‌ಗೆ ಶತ್ರು. ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿ ಪದರಕ್ಕೆ ಅಂಟಿ ಒಣಗಿದರೆ ತೇಲುವ ಲೈನ್‌ನ ತುದಿ ಮುಳುಗಲು ಶುರುವಾಗುತ್ತದೆ, ರಿಂಗುಗಳೂ ಸವೆಯುತ್ತವೆ. ಎರಡು ಮೂರು ಸಲ ಹೋಗಿ ಬಂದ ಮೇಲೆ ಅರ್ಧ ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಲೈನನ್ನು ಹತ್ತು ನಿಮಿಷ ನೆನೆಸಿ, ಮೆತ್ತನೆ ಬಟ್ಟೆಯ ನಡುವೆ ಎಳೆದು, ಬರೀ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಬಟ್ಟೆ ಕಪ್ಪಾಗುವುದು ನಿಂತರೆ ಸ್ವಚ್ಛವಾಯಿತು. ತೇಲಲೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಧೂಳೆಲ್ಲ ಅದಕ್ಕೆ ಹತ್ತುತ್ತದೆ. ಕೆಲವು ಸೊಳ್ಳೆ ಕ್ರೀಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕ, ಸನ್‌ಸ್ಕ್ರೀನ್, ಪೆಟ್ರೋಲ್ ಪದರವನ್ನು ಹಾಳು ಮಾಡುತ್ತವೆ. ಹಚ್ಚಿಕೊಂಡ ಕೈ ತೊಳೆದೇ ಲೈನ್ ಮುಟ್ಟಿ.

ರೀಲನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಹತ್ತಿ ಚೀಲದಲ್ಲಿ ಹಾಕಿ ನೀರಿನ ಬಾಟಲಿಯ ಪಕ್ಕ ಇಡಿ.

ಲೈನ್ ಕೆಡುವುದು ಮುಂತುದಿಯಿಂದ. ಲೀಡರ್ ಸೇರುವ ಕಡೆ, ಮೊದಲ ಒಂದು ಮೀಟರ್‌ನಲ್ಲಿ ಉಗುರು ಆಡಿಸಿ ನೋಡಿ, ಬಿರುಕಿದ್ದರೆ ಉಗುರಿಗೆ ಸಿಗುತ್ತದೆ. ಅಲ್ಲಿಂದ ನೀರು ತಿರುಳಿಗೆ ಇಳಿದು ತುದಿ ಮುಳುಗುತ್ತದೆ. ಬಿರುಕು ಗೇಣಿನೊಳಗಿದ್ದರೆ ಅಷ್ಟು ಕತ್ತರಿಸಿ ಹೊಸ ಗಂಟು ಹಾಕಿದರೆ ಆಯಿತು. ತಲೆಯ ದಪ್ಪ ಭಾಗದಲ್ಲಿ ತಿರುಳಿನ ನೂಲು ಕಾಣುತ್ತಿದ್ದರೆ ಮಾತ್ರ ಹೊಸ ಲೈನ್ ತರಿಸಿ.