ಟೆಸ್ಟಿನ ಡಿಪೆಂಡೆನ್ಸಿಗಳನ್ನು ಬೇರೆ ಮಾಡಿದ ಮೇಲೆ: ನನ್ನ ಅನುಭವ

ಗಂಗಾವತಿ ಮತ್ತು ಕಾರಟಗಿ ಕಡೆಯ ಹದಿನಾಲ್ಕು ರೈಸ್ ಮಿಲ್ಲುಗಳಲ್ಲಿ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಬಿಲ್ಲಿಂಗ್ ಪ್ಯಾಕೇಜ್ ನಡೆಯುತ್ತಿದೆ. ಎರಡು ವರ್ಷದ ಹಿಂದೆ, ಭತ್ತದ ಸುಗ್ಗಿ ಜೋರಾಗಿದ್ದ ನವೆಂಬರ್ ಕೊನೆಯಲ್ಲಿ, ಕೋಡನ್ನು ತಾನಾಗಿ ಪರೀಕ್ಷಿಸುವ ಸುಮಾರು ಮುನ್ನೂರು ಟೆಸ್ಟುಗಳೂ ಪಾಸಾದದ್ದನ್ನು ನೋಡಿಯೇ ರಾತ್ರಿ ಹೊಸ ಆವೃತ್ತಿ ಕಳಿಸಿ ಮಲಗಿದ್ದೆ. ಬೆಳಿಗ್ಗೆ ಏಳರೊಳಗೆ ಒಂದು ಮಿಲ್ಲಿನ ಗುಮಾಸ್ತರ ಫೋನ್ ಬಂತು: "ಸರ್, ಬಿಲ್ ಬರವಲ್ದು, ಲಾರಿ ನಿಂತೈತಿ." ಅವರು ಕಳಿಸಿದ ಫೋಟೋದಲ್ಲಿ ಡೇಟ್‌ಯೂಟಿಲ್ ಎಂಬ ಮಾಡ್ಯೂಲ್ (ಕೋಡಿನ ಭಾಗ) ಸಿಗುತ್ತಿಲ್ಲ ಎಂಬ ಒಂದೇ ಸಾಲು ಇತ್ತು.

ಒಂದು ತಿಂಗಳ ವಾಯಿದೆಯ ದಿನಾಂಕ ಲೆಕ್ಕ ಹಾಕಲು ನಾನು ಬೇರೆಯವರು ಬರೆದ ಆ ಲೈಬ್ರರಿಯನ್ನು ಬಳಸಿದ್ದೆ, ಆದರೆ ಪ್ಯಾಕೇಜಿನ ಡಿಪೆಂಡೆನ್ಸಿ ಪಟ್ಟಿಯಲ್ಲಿ, ಅಂದರೆ ಅದು ನಡೆಯಲು ಬೇಕಾದ ಬೇರೆ ಲೈಬ್ರರಿಗಳ ಪಟ್ಟಿಯಲ್ಲಿ, ಅದನ್ನು ಬರೆದಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಹೇಗಿತ್ತೆಂದರೆ, ಏಪ್ರಿಲ್ 1ರಂದು ಬಿಲ್ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುವುದನ್ನು ಪರೀಕ್ಷಿಸಲು ಹಾಕಿಕೊಂಡಿದ್ದ, ಟೆಸ್ಟಿನಲ್ಲಿ ಬೇಕಾದ ದಿನಾಂಕವನ್ನು ತೋರಿಸುವ ಫ್ರೀಜ್‌ಗನ್ ಎಂಬ ಲೈಬ್ರರಿ ತನಗೆ ಬೇಕೆಂದು ಅದನ್ನು ಜೊತೆಯಲ್ಲೇ ತಂದಿತ್ತು. ಟೆಸ್ಟಿಗಾಗಿ ಬಂದ ಸಾಮಾನು ಪ್ಯಾಕೇಜಿನ ಕೊರತೆಯನ್ನು ಮುಚ್ಚಿತ್ತು. ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ನ ಚೆಕ್ ಆಜ್ಞೆ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಪಟ್ಟಿಯಲ್ಲಿ ಬರೆದದ್ದು ಸರಿಯಿದೆಯೇ ಎಂದಷ್ಟೇ ಅದು ನೋಡುತ್ತದೆ. ಅಂದು ಆರು ಮಿಲ್ಲುಗಳಿಗೆ ಬೈಕಿನಲ್ಲಿ ಸುತ್ತಿದೆ. ಒಂದು ಮಿಲ್ಲಿನ ಮಾಲೀಕರು ವರ್ಷದ ನಿರ್ವಹಣೆಯ ಕರಾರನ್ನೇ ಬಿಟ್ಟರು. ಅದು ಹದಿನೆಂಟು ಸಾವಿರದ ಆಸುಪಾಸು.

ಆಮೇಲೆ ನಾನು ಮಾಡಿದ್ದು ಇಷ್ಟು. ಪೈಟೆಸ್ಟ್ (ಟೆಸ್ಟುಗಳನ್ನು ಓಡಿಸುವ ಸಾಧನ), ಫ್ರೀಜ್‌ಗನ್ ಮುಂತಾದವನ್ನು, ಪ್ಯಾಕೇಜಿನ ವಿವರಗಳನ್ನು ಬರೆಯುವ ಪೈಪ್ರಾಜೆಕ್ಟ್ ಕಡತದಲ್ಲಿ, ಬರೆಯುವವನಿಗಷ್ಟೇ ಬೇಕಾದವುಗಳ ಪಟ್ಟಿಯಾದ ಡಿಪೆಂಡೆನ್ಸಿ ಗ್ರೂಪಿಗೆ ಸರಿಸಿದೆ. ಎಕ್ಸ್‌ಟ್ರಾ (ಬೇಕಿದ್ದವರು ಹಾಕಿಕೊಳ್ಳುವ ಡಿಪೆಂಡೆನ್ಸಿ) ಆಗಿ ಬರೆದರೆ ಅವು ವ್ಹೀಲ್‌ನ, ಅಂದರೆ ಇನ್‌ಸ್ಟಾಲ್ ಮಾಡಲು ಕಟ್ಟಿದ ಕಡತದ, ವಿವರಗಳೊಳಗೆ ಹೋಗುತ್ತವೆ, ಗ್ರೂಪಿನಲ್ಲಿದ್ದರೆ ಹೋಗುವುದಿಲ್ಲ. ಟೆಸ್ಟುಗಳನ್ನು ಪ್ರತ್ಯೇಕ ಜಾಗಗಳಲ್ಲಿ ಓಡಿಸುವ ಟಾಕ್ಸ್‌ನಲ್ಲಿ ಎರಡು ಎನ್ವಿರಾನ್‌ಮೆಂಟ್ (ಒಂದರ ಸಾಮಾನು ಇನ್ನೊಂದಕ್ಕೆ ಸೇರದ ಜಾಗ) ಇಟ್ಟೆ. ಮೊದಲನೆಯದರಲ್ಲಿ ವ್ಹೀಲ್ ಮತ್ತು ಅದು ತಾನೇ ಕೇಳಿಕೊಂಡ ಡಿಪೆಂಡೆನ್ಸಿಗಳ ಹೊರತು ಬೇರೇನೂ ಇಲ್ಲ, ಪೈಟೆಸ್ಟ್ ಕೂಡ ಇಲ್ಲ. ಅಲ್ಲಿ ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್‌ನಲ್ಲೇ ಬರೆದ ಹನ್ನೆರಡು ಟೆಸ್ಟುಗಳು ಪ್ರತಿಯೊಂದು ಮಾಡ್ಯೂಲನ್ನೂ ಇಂಪೋರ್ಟ್ ಮಾಡಿ ಒಂದು ಬಿಲ್ ಮುದ್ರಿಸುತ್ತವೆ. ಅವು ಪಾಸಾದರೆ ಮಾತ್ರ ಎರಡನೆಯದರಲ್ಲಿ ಪೂರ್ತಿ ಟೆಸ್ಟುಗಳು ನಡೆಯುತ್ತವೆ. ಬೆಂಗಳೂರಿನ ಇಬ್ಬರು ಗೆಳೆಯರು, ಹದಿನಾಲ್ಕು ಗಿರಾಕಿಗಳಿಗಾಗಿ ಇಷ್ಟು ವ್ಯವಸ್ಥೆ ಯಾರೂ ಮಾಡುವುದಿಲ್ಲ ಎಂದಿದ್ದರು. ಮೊದಲ ಓಟದಲ್ಲೇ ಇನ್ನೊಂದು ತಪ್ಪು ಸಿಕ್ಕಿತು: ಬಿಲ್ಲಿನ ಮುದ್ರಣ ನಮೂನೆಯ ಕಡತ ವ್ಹೀಲ್‌ನಲ್ಲಿ ಇರಲೇ ಇಲ್ಲ. ಹಳೆಯ ಟೆಸ್ಟುಗಳು ಮೂಲ ಫೋಲ್ಡರಿನಿಂದಲೇ ನಡೆಯುತ್ತಿದ್ದುದರಿಂದ ಅದು ಕಂಡಿರಲಿಲ್ಲ. ಕೋಡನ್ನು ಮೂಲ ಫೋಲ್ಡರಿನೊಳಗಿನ ಸೋರ್ಸ್ ಎಂಬ ಒಳಫೋಲ್ಡರಿಗೆ ಸರಿಸಿದ ಮೇಲೆ ಟೆಸ್ಟುಗಳು ಇನ್‌ಸ್ಟಾಲ್ ಆದ ಪ್ಯಾಕೇಜನ್ನೇ ಮುಟ್ಟುತ್ತವೆ.

ಮಿಲ್ಲುಗಳಲ್ಲಿ ಇಂಟರ್‌ನೆಟ್ ಮೇಲೆ ಭರವಸೆ ಇಡಲಾಗದು. ಬೇಕಾದ ಎಲ್ಲ ವ್ಹೀಲ್‌ಗಳನ್ನೂ ಒಂದು ಫೋಲ್ಡರಿಗೆ ಇಳಿಸಿಕೊಂಡು, ಪಿಪ್‌ಗೆ ಇಂಟರ್‌ನೆಟ್‌ನಲ್ಲಿರುವ ಪ್ಯಾಕೇಜುಗಳ ಇಂಡೆಕ್ಸ್ ನೋಡಬೇಡ, ಈ ಫೋಲ್ಡರಿನಲ್ಲೇ ಹುಡುಕು ಎಂದು ಹೇಳಿ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡುತ್ತೇನೆ. ನನ್ನ ಟಾಕ್ಸ್ ಕೂಡ ಅದೇ ಫೋಲ್ಡರಿನಿಂದಲೇ ಓದುತ್ತದೆ. ಪರೀಕ್ಷೆಯ ದತ್ತಾಂಶವನ್ನು ಹಳೆಯ ತೂಕದ ಚೀಟಿಗಳಿಂದ, ಯಾರ ಹೆಸರೂ ಹೊರಬೀಳದಂತೆ ಹೇಗೆ ತಯಾರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡಿನ ಗುಟ್ಟು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಟೆಸ್ಟುಗಳನ್ನು ಏಕಕಾಲಕ್ಕೆ ಓಡಿಸುವ ಎಕ್ಸ್‌ಡಿಸ್ಟ್ ಹಾಕಿ ನಾಲ್ಕು ಪ್ರೊಸೆಸ್‌ಗಳಲ್ಲಿ ಓಡಿಸಿದಾಗ ಹನ್ನೊಂದು ನಿಮಿಷದ ಕೆಲಸ ನಾಲ್ಕಕ್ಕಿಳಿಯಿತು, ಆದರೆ ಎಲ್ಲವೂ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸ್ ಕಡತಕ್ಕೆ ಬರೆಯಹೋಗಿ ಲಾಕ್ ಆದವು. ಪ್ರತಿ ಪ್ರೊಸೆಸ್‌ಗೂ ಬೇರೆ ಕಡತ ಕೊಡಬೇಕಾಯಿತು. ಬಾಡಿಗೆ ಸರ್ವರಿನಲ್ಲಿ ರಾತ್ರಿ ಎರಡಕ್ಕೆ ಓಡುವ ಟೆಸ್ಟುಗಳು ದಿನಗಟ್ಟಲೆ ಫೇಲಾದವು. ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ಇತ್ತು; ನಮ್ಮ ಬೆಳಗಿನ 5.30ರವರೆಗೆ ಅಲ್ಲಿ ಹಿಂದಿನ ದಿನಾಂಕವೇ ಇರುತ್ತದೆ ಎಂಬುದು ಹೊಳೆಯಲು ನನಗೆ ಎಂಟು ಹತ್ತು ದಿನ ಹಿಡಿಯಿತು.

ನನಗೆ ಅತ್ಯಂತ ಹೆಮ್ಮೆ ತಂದ ಟೆಸ್ಟ್ ಚಿಕ್ಕದು. ಜುಲೈ 2022ರಿಂದ 25 ಕಿಲೋವರೆಗಿನ, ಲೇಬಲ್ ಇರುವ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಅದಕ್ಕಾಗಿಯೇ ಮಿಲ್ಲಿನವರು 26 ಕಿಲೋ ಚೀಲ ಕಟ್ಟಲು ಶುರುಮಾಡಿದರು. ನನ್ನ ಕೋಡಿನಲ್ಲಿ 25ಕ್ಕಿಂತ ಕಡಿಮೆ ಎಂದಿತ್ತು, ಸರಿಯಾಗಿ 25 ಕಿಲೋ ತೂಗುವ ಚೀಲಕ್ಕೆ ತೆರಿಗೆಯೇ ಬೀಳುತ್ತಿರಲಿಲ್ಲ. 25 ಮತ್ತು 26 ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದ ಟೆಸ್ಟ್ ಅದನ್ನು ಗಿರಾಕಿಗೆ ತಲುಪುವ ಮೊದಲೇ ಹಿಡಿಯಿತು.

ಹೋದ ಸುಗ್ಗಿಯಲ್ಲಿ ಒಂಬತ್ತು ಸಲ ಹೊಸ ಆವೃತ್ತಿ ಕಳಿಸಿದೆ, ಬೈಕ್ ತೆಗೆಯುವ ಪ್ರಸಂಗ ಒಮ್ಮೆಯೂ ಬರಲಿಲ್ಲ. ಕರಾರು ಬಿಟ್ಟಿದ್ದ ಮಾಲೀಕರು ಈ ಜೂನ್‌ನಲ್ಲಿ ಮರಳಿದ್ದಾರೆ, ಹಣ ಸ್ವಲ್ಪ ಕಡಿಮೆ ಮಾಡಿಸಿಕೊಂಡೇ. ಎರಡು ಮಿಲ್ಲುಗಳಲ್ಲಿ ಇನ್ನೂ ವಿಂಡೋಸ್ 7 ಇದೆ. ಅದರ ಮೇಲೆ ಪೈಥಾನ್ 3.8ರಿಂದಾಚೆಗೆ ಹೋಗುವುದಿಲ್ಲ, ಆ ಪೈಥಾನ್‌ಗೆ ಪೈಟೆಸ್ಟ್ 8.3ರಿಂದಾಚೆಗೆ ಸಿಗುವುದಿಲ್ಲ, ಗ್ರೂಪುಗಳನ್ನು ಓದಬಲ್ಲ ಹೊಸ ಪಿಪ್ ಕೂಡ ಅಲ್ಲಿ ನಡೆಯುವುದಿಲ್ಲ. ಅವರು ಕಂಪ್ಯೂಟರ್ ಬದಲಿಸುವವರೆಗೆ ಆ ಇಬ್ಬರಿಗಾಗಿ ವ್ಹೀಲ್‌ಗಳ ಇನ್ನೊಂದು ಫೋಲ್ಡರನ್ನು ಬೇರೆಯಾಗಿಯೇ ಇಟ್ಟಿದ್ದೇನೆ.